ಟೆಲಿವಿಷನ್ನಿನ ಮುಂದೆ ಕತ್ತಲೆ ಏಕೆ?

ಸಂಜೆಯ ಹೊತ್ತು ಬಸವಕಲ್ಯಾಣದ ಯಾವ ಓಣಿಯಲ್ಲಿ ನಡೆದರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಪಡಸಾಲೆಯಲ್ಲಿ ದೀಪವಿರುವುದಿಲ್ಲ, ಕಿಟಕಿಯಲ್ಲಿ ಮಾತ್ರ ನೀಲಿ ಬೆಳಕೊಂದು ಕ್ಷಣಕ್ಕೊಮ್ಮೆ ಹೆಚ್ಚುತ್ತ, ಕ್ಷಣಕ್ಕೊಮ್ಮೆ ತಗ್ಗುತ್ತ ಕುಣಿಯುತ್ತಿರುತ್ತದೆ. ಒಳಗೆ ಟೆಲಿವಿಷನ್ ನಡೆದಿದೆಯೆಂದು ಅರ್ಥ. ನಾನು ಪಾಠ ಹೇಳುವ ಹುಮನಾಬಾದಿನಲ್ಲಿಯೂ ಇದೇ ವಾಡಿಕೆ. ಟೆಲಿವಿಷನ್ ನೋಡಬೇಕಾದರೆ ದೀಪವನ್ನು ಆರಿಸತಕ್ಕದ್ದೆಂಬುದು ನಮ್ಮಲ್ಲಿ ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಈ ಶಾಸ್ತ್ರಕ್ಕೆ ಭೌತಶಾಸ್ತ್ರದ ಬೆಂಬಲವಿಲ್ಲವೆಂಬುದು ನನ್ನ ಅಭಿಪ್ರಾಯ.

ತಲೆನೋವೆಂದು ಪದೇ ಪದೇ ರಜೆ ಕೇಳುತ್ತಿದ್ದ ವಿದ್ಯಾರ್ಥಿಯೊಬ್ಬನ ಮನೆಗೆ ಒಮ್ಮೆ ಹೋಗಿದ್ದೆನು. ಅಜ್ಜಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಧಾರಾವಾಹಿಯ ವೇಳೆಯಾಯಿತೆಂದು ಯಾರೋ ದೀಪವನ್ನಾರಿಸಿದರು. ಅಜ್ಜಿ ಮೊರವನ್ನು ಕೆಳಗಿಟ್ಟರು. ಹುಡುಗ ಪುಸ್ತಕವನ್ನು ಮುಚ್ಚಿದನು. ದೀಪವೇಕೆ ಬೇಡವೆಂದು ಕೇಳಿದ್ದಕ್ಕೆ ಅವನ ತಾಯಿ, "ಲೈಟ್ ಹಚ್ಚಿದ್ರ ಟೀವಿದಾಗ ಬರೀ ಲೈಟೇ ಕಾಣ್ತದ್ರಿ ಸರ್" ಎಂದರು.

ಆ ಮಾತು ಸುಳ್ಳಲ್ಲ. ಟ್ಯೂಬ್‌ಲೈಟು ಟೆಲಿವಿಷನ್ನಿಗೆ ಸರಿಯಾಗಿ ಎದುರಿನ ಗೋಡೆಯ ಮೇಲಿತ್ತು. ನಮ್ಮ ಸೀಮೆಗೆ ಟೆಲಿವಿಷನ್ ಬಂದ ಕಾಲವನ್ನು ನೆನೆದರೆ ಈ ವಾಡಿಕೆಗೆ ಆಗ ಕಾರಣವಿದ್ದಿತೆಂದೂ ಒಪ್ಪಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿದ ಪ್ರಯೋಗದಲ್ಲಿ ನೆರೆಯ ಕಲಬುರಗಿ ಜಿಲ್ಲೆಯೂ ಸೇರಿತ್ತು. 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನದ ಪ್ರಸಾರ ಕೇಂದ್ರವೇ ಸ್ಥಾಪಿತವಾಯಿತು. ಆಗಿನ ಪೆಟ್ಟಿಗೆಗಳ ಗಾಜು ಹೊರಕ್ಕೆ ಉಬ್ಬಿದ್ದಿತು. ಪೀನ ದರ್ಪಣದ ಗುಣವನ್ನು ಬಲ್ಲವರು ಊಹಿಸಬಲ್ಲರು: ಅದರ ಮುಂದಣ ಕೋಣೆಯಲ್ಲಿ ದೀಪ ಬಹುಮಟ್ಟಿಗೆ ಎಲ್ಲಿದ್ದರೂ ಅದರ ಪುಟ್ಟ ಬಿಂಬವೊಂದು ಗಾಜಿನಲ್ಲಿ ಮೂಡುತ್ತಿತ್ತು. ಇಂದಿನ ಪರದೆಯಾದರೋ ಸಮತಲ. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮವನ್ನು ನೆನೆದು ದೀಪವನ್ನು ಪಕ್ಕದ ಗೋಡೆಗೋ ಪರದೆಯ ಹಿಂದಕ್ಕೋ ಸರಿಸಿದರೆ ಬಿಂಬ ನೋಡುವವರ ಕಣ್ಣಿಗೆ ತಾಗುವುದೇ ಇಲ್ಲ.

ಚಿತ್ರಮಂದಿರದಲ್ಲಿಯೂ ಕತ್ತಲೆಯಲ್ಲವೆ ಎಂದು ಕೇಳುವವರುಂಟು. ನಾವು ಚಿತ್ರಮಂದಿರದ ಕತ್ತಲೆಯನ್ನು ಮನೆಗೆ ತಂದೆವು, ಅದರ ಪರದೆಯನ್ನು ತರಲಿಲ್ಲ. ಅಲ್ಲಿನ ಪರದೆಯ ಬಿಳುಪಿಗೆ ಗೊತ್ತುಪಡಿಸಿದ ದೀಪ್ತಿ ಚದರ ಮೀಟರಿಗೆ 48 ಕ್ಯಾಂಡೆಲಾ. ಮನೆಯ ಟೆಲಿವಿಷನ್ 200ರಿಂದ 300 ಕ್ಯಾಂಡೆಲಾವನ್ನು ಮುಟ್ಟುವುದು ಸಾಮಾನ್ಯ. (ಇದನ್ನು ತಗ್ಗಿಸುವ ಏರ್ಪಾಡು ಟೆಲಿವಿಷನ್ನಿನಲ್ಲಿಯೇ ಇದೆ, ಅದನ್ನು ಬಳಸುವವರನ್ನು ನಾನು ಕಂಡದ್ದು ಕಡಮೆ.) ಮೇಲಾಗಿ ಚಿತ್ರಮಂದಿರದ ಪರದೆ ನೋಟದ ಬಹುಭಾಗವನ್ನು ತುಂಬುತ್ತದೆ. 43 ಅಂಗುಲದ ಟೆಲಿವಿಷನ್ನಿನ ಅಗಲ ಸುಮಾರು 95 ಸೆಂಟಿಮೀಟರು. 3 ಮೀಟರು ದೂರ ಕುಳಿತವನ ಕಣ್ಣಿಗೆ ಅದು 18 ಡಿಗ್ರಿಗಳಷ್ಟೆ. ಉಳಿದುದೆಲ್ಲ ಕಾರಿರುಳು.

ಇಂತಹ ಸ್ಥಿತಿಯಲ್ಲಿ ಕಣ್ಣು ಏನು ಮಾಡಬೇಕು? ಪಾಪೆಯ ವ್ಯಾಸ ಪ್ರಖರವಾದ ಬೆಳಕಿನಲ್ಲಿ 2 ಮಿಲಿಮೀಟರಿಗೆ ಇಳಿಯುತ್ತದೆ, ಕತ್ತಲೆಯಲ್ಲಿ ಎಳೆಯರಲ್ಲಿ 8 ಮಿಲಿಮೀಟರಿನವರೆಗೂ ಹಿಗ್ಗುತ್ತದೆ. ವ್ಯಾಸ 4 ಮಡಿಯಾದರೆ ಬೆಳಕು ಹೊಗುವ ಕಂಡಿಯ ವಿಸ್ತೀರ್ಣ 16 ಮಡಿಯಾಗುವುದಷ್ಟೆ. ಈ ಕಂಡಿ ಎಷ್ಟು ತೆರೆಯಬೇಕೆಂಬುದನ್ನು ಪರದೆಯೊಂದೇ ಗೊತ್ತುಮಾಡುವುದಿಲ್ಲ. ಸುತ್ತಣ ಕತ್ತಲೆಯ ಪಾಲೂ ಅದರಲ್ಲಿದೆ. ಆದುದರಿಂದ ಪರದೆಯ ಪ್ರಖರತೆಗೆ ತಕ್ಕಷ್ಟು ಪಾಪೆ ಕಿರಿದಾಗುವುದಿಲ್ಲ. ರಾತ್ರಿಯ ದೃಶ್ಯ ಮುಗಿದು ಹಗಲಿನ ದೃಶ್ಯ ಬಂದೊಡನೆ ಅದು ಥಟ್ಟನೆ ಕುಗ್ಗಬೇಕು, ಅನಂತರ ನಿಧಾನವಾಗಿ ಹಿಗ್ಗಬೇಕು; ಎರಡು ಗಂಟೆ ಕಾಲ ಇದೇ ದುಡಿಮೆ. ದಿಟ್ಟಿಸಿ ನೋಡುವಾಗ ರೆಪ್ಪೆ ಬಡಿಯುವುದು ಕಡಮೆಯಾಗಿ ಕಣ್ಣು ಒಣಗುವುದೂ ಉಂಟು.

ಇದಕ್ಕೆ ಬೇಕಾದ ಪರಿಹಾರ ಅತ್ಯಲ್ಪ. ಪರದೆಯ ಹಿಂದಿನ ಗೋಡೆಗೆ ಪರದೆಯ ಬಿಳುಪಿನ ಹತ್ತರಲ್ಲೊಂದು ಪಾಲು ದೀಪ್ತಿಯಿದ್ದರೆ ಸಾಕು. ಲೆಕ್ಕ ಹಾಕಿ ನೋಡೋಣ. 5 ವಾಟಿನ ಎಲ್‌ಇಡಿ ಬಲ್ಬು ಸುಮಾರು 450 ಲ್ಯೂಮೆನ್ ಬೆಳಕನ್ನು ಕೊಡುತ್ತದೆ. ಅದರಲ್ಲಿ ಅರ್ಧ ಮಾತ್ರ 3 ಚದರ ಮೀಟರು ಗೋಡೆಯ ಮೇಲೆ ಹರಡಿತೆನ್ನಿ. ಚದರ ಮೀಟರಿಗೆ 75 ಲ್ಯೂಮೆನ್ ಆಯಿತು. ಸುಣ್ಣ ಬಳಿದ ಗೋಡೆ ಇದರಲ್ಲಿ ನೂರಕ್ಕೆ 80 ಪಾಲನ್ನು ಚೆದರಿಸಿದರೆ 60 ಉಳಿಯುತ್ತದೆ. ಅದನ್ನು 3.14ರಿಂದ ಭಾಗಿಸಿದರೆ ಗೋಡೆಯ ದೀಪ್ತಿ ಚದರ ಮೀಟರಿಗೆ ಸುಮಾರು 19 ಕ್ಯಾಂಡೆಲಾ. 200ರ ಹತ್ತನೆಯ ಪಾಲು 20 ತಾನೆ! ದಿನಕ್ಕೆ 3 ಗಂಟೆ ಉರಿಸಿದರೂ ತಿಂಗಳಿಗೆ ಅರ್ಧ ಯೂನಿಟ್ಟು ವಿದ್ಯುತ್ತು ಸಹ ಖರ್ಚಾಗದು.

ಆ ಮನೆಯಲ್ಲಿ ಟೆಲಿವಿಷನ್ನಿನ ಮೇಜಿನ ಹಿಂಬದಿಗೆ ಇಂತಹ ಬಲ್ಬೊಂದನ್ನು ಕಟ್ಟಿದೆವು. ಬೇಳೆ ಹಸನು ಮಾಡಲು ಅದು ಸಾಲದೆಂದು ಅಜ್ಜಿ ಒಡನೆಯೇ ತೀರ್ಪು ಕೊಟ್ಟರು. ಅವರು ಹೇಳಿದ್ದು ಸರಿಯೇ. ಆದಕಾರಣ ಟ್ಯೂಬ್‌ಲೈಟನ್ನು ಪಕ್ಕದ ಗೋಡೆಗೆ ಸರಿಸಬೇಕಾಯಿತು.

ಕತ್ತಲೆಯಲ್ಲಿ ಟೆಲಿವಿಷನ್ ನೋಡಿದರೆ ಕಣ್ಣೇ ಹೋಗುತ್ತದೆಂಬ ಹೆದರಿಕೆಯನ್ನು ನಾನು ಬೆಂಬಲಿಸುವುದಿಲ್ಲ. ಅದರಿಂದ ಬರುವ ಆಯಾಸ ತಾತ್ಕಾಲಿಕವಾದುದು, ವಿಶ್ರಾಂತಿಯಿಂದ ಪರಿಹಾರವಾಗುತ್ತದೆ. ಆ ಹೆದರಿಕೆಯಿಂದ ಆಗುವ ಕೇಡೇ ದೊಡ್ಡದು. ಮಗು ಪರದೆಯ ಹತ್ತಿರ ಸರಿದರೆ ನಾವು ಗದರಿಸಿ ಹಿಂದಕ್ಕೆ ಕೂರಿಸುತ್ತೇವೆ. ದೂರದ್ದು ಕಾಣದೆ ಸರಿದಿರಬಹುದೆಂದು ಯೋಚಿಸುವುದಿಲ್ಲ. ನನ್ನ ವಿದ್ಯಾರ್ಥಿಯ ತಲೆನೋವನ್ನೂ ಮನೆಯವರು ತಿಂಗಳುಗಟ್ಟಲೆ ಟೆಲಿವಿಷನ್ನಿನ ಲೆಕ್ಕಕ್ಕೇ ಬರೆದಿದ್ದರು. ದೀಪ ಸರಿಸಿದ ಮೇಲೆ ಸಂಜೆಯ ಕಣ್ಣುರಿ ಕಡಮೆಯಾಯಿತು. ತರಗತಿಯಲ್ಲಿ ಬರುತ್ತಿದ್ದ ನೋವು ಹೋಗಲಿಲ್ಲ. ಕೊನೆಗೆ ಕಣ್ಣಿನ ವೈದ್ಯರು ಪರೀಕ್ಷಿಸಿ, ಕಾರ್ನಿಯದ ವಕ್ರತೆ ಅಡ್ಡಕ್ಕೂ ಉದ್ದಕ್ಕೂ ಸಮವಾಗಿಲ್ಲವೆಂದು ಹೇಳಿ ಕನ್ನಡಕ ಬರೆದುಕೊಟ್ಟರು. ಅಲ್ಲಿಯವರೆಗೆ ಅವನು ಕರಿಹಲಗೆಯ ಸಮೀಕರಣಗಳನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದನೆಂಬುದು ಪಾಠ ಹೇಳುತ್ತಿದ್ದ ನನಗೂ ತಿಳಿದಿರಲಿಲ್ಲ.