ಮೊದಲು ಮನೆಯಲ್ಲಿ ಚಾರ್ಜಿಂಗ್‌ಗೆ ಅವಕಾಶ ಕೊಡಿ



ಎಲೆಕ್ಟ್ರಿಕ್ ಕಾರು ಎಂದೊಡನೆ ‘ಒಂದು ಚಾರ್ಜ್‌ಗೆ ಎಷ್ಟು ಕಿ.ಮೀ.?’ ಎಂದೇ ಎಲ್ಲರೂ ಕೇಳುತ್ತಾರೆ. ಟಾಟಾ ನೆಕ್ಸಾನ್‌ನ 45 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಪರೀಕ್ಷೆಯ ಅಂಕಿ 489 ಕಿ.ಮೀ.; ರಸ್ತೆಯಲ್ಲಿ ಸಿಗುವುದು 350ರ ಆಸುಪಾಸು ಎಂದು ಕಂಪನಿಯೇ ಹೇಳುತ್ತದೆ. ಹೀಗೆ ಎರಡನ್ನೂ ತಿಳಿಸುವುದು ಎಲ್ಲ ಕಂಪನಿಗಳಿಗೂ ಕಡ್ಡಾಯವಾಗಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಎಸಿ ಹಾಕಿ ವೇಗವಾಗಿ ಹೊರಟರೆ ಹಾಸನದ ಬಳಿ ಒಮ್ಮೆ ಚಾರ್ಜ್ ಮಾಡಿಕೊಳ್ಳುವುದೇ ಜಾಣತನ. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ಮರಳಿ ಬರುತ್ತದೆ, ಹತ್ತುವಾಗ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಆದರೆ ಇಂಥ ದೂರದ ಪ್ರಯಾಣ ಅಪರೂಪ. ಊರೊಳಗಿನ ಓಡಾಟಕ್ಕೆ ರಾತ್ರಿ ಮನೆಯಲ್ಲೇ ಪ್ಲಗ್ ಹಾಕಿಟ್ಟರೆ ಸಾಕು. ಆ ಪ್ಲಗ್ಗೇ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಸಿಗುತ್ತಿಲ್ಲ! ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಆದರೂ ನಮ್ಮ ನಿವಾಸಿಗಳ ಸಂಘದಲ್ಲಿ ಬೆಂಕಿಯ ಭಯ, ಲೋಡ್ ಸಾಲದೆಂಬ ನೆಪ ಮುಂದಿಟ್ಟು ಚಾರ್ಜಿಂಗ್ ಪ್ಲಗ್ ಕೋರಿದ ಅರ್ಜಿಗಳನ್ನು ಬದಿಗಿಡುತ್ತಾರೆ. ಸುರಕ್ಷತೆಯ ಚಿಂತೆ ನ್ಯಾಯವೇ. ಅದಕ್ಕೆ ಸರಿಯಾದ ವೈರಿಂಗ್, ಅರ್ಥಿಂಗ್ ಇವೆ. ಬಾಡಿಗೆದಾರರ ಪಾಡಂತೂ ಇನ್ನೂ ಕಷ್ಟ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಅದಕ್ಕೆ ತಕ್ಕಂತೆ, ಚಾರ್ಜಿಂಗ್ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರಿಸಬೇಕೆಂದು ಸಂಘಗಳಿಗೆ ಗಡುವು ವಿಧಿಸುವ ನಿಯಮವನ್ನು ಸರ್ಕಾರ ಕೂಡಲೇ ತರಲಿ.

– ಓದುಗ, ಬೆಂಗಳೂರು