ತಡವಾಗಿ ಬರುವ ನಿದ್ರೆ

ಸ್ಟೇಶನ್ ಬಜಾರದಲ್ಲಿ ನಡುರಾತ್ರಿ ಕಳೆದ ಮೇಲೂ ರೈಲಿನ ಕೂಗು ಕೇಳಿಸುತ್ತದೆ. ರೂಢಿಯಾದವರ ಕಿವಿಗೆ ಅದು ಬೀಳುವುದೇ ಇಲ್ಲ. ಆದರೆ ಒಂದೊಂದು ಮನೆಯಲ್ಲಿ ಹದಿನೈದರ ಹುಡುಗನೊಬ್ಬನು ಬಂದುಹೋಗುವ ಗಾಡಿಗಳನ್ನೆಲ್ಲ ಎಣಿಸುತ್ತ ಹೊರಳಾಡುತ್ತಿರುತ್ತಾನೆ. ಬೆಳಗಾದರೆ ತಾಯಿಯ ಕೂಗು: “ಏಳೋ ತಮ್ಮಾ, ಸಾಲಿಗೆ ಹೊತ್ತಾತು!” ತಂದೆಯವರು ಅವನನ್ನು ಕುಂಭಕರ್ಣನೆಂದು ಕರೆಯುತ್ತಾರೆ. ಆ ಹೆಸರು ಸಲ್ಲದು. ಕುಂಭಕರ್ಣನಿಗೆ ಮಲಗಿದೊಡನೆ ನಿದ್ರೆ ಬರುತ್ತಿತ್ತು!

ಗಮನವು ಒಂದೆಡೆ ನಿಲ್ಲದೆ, ಮೈಮನಗಳು ಚಡಪಡಿಸುವ ಎ.ಡಿ.ಎಚ್.ಡಿ. ಎಂಬ ಸ್ಥಿತಿಯುಳ್ಳ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ, ಶರೀರಕ್ಕೆ ರಾತ್ರಿಯ ಸುದ್ದಿ ಮುಟ್ಟಿಸುತ್ತದೆ. ಹರೆಯದಲ್ಲಿ ಆ ಸುದ್ದಿ ಎಲ್ಲರಿಗೂ ತುಸು ತಡ. ಈ ಮಕ್ಕಳಲ್ಲಿ ಅನೇಕರಿಗೆ ಇನ್ನಷ್ಟು ತಡ. ಇದು ಸೋಮಾರಿತನವಲ್ಲ. 8ರಿಂದ 10 ಗಂಟೆ ನಿದ್ರೆ ಬೇಕಾದ ವಯಸ್ಸಿನಲ್ಲಿ ಐದಾರೇ ಗಂಟೆ ದೊರೆತರೆ, ಮೊದಲೇ ಚಂಚಲವಾದ ಗಮನ ಮತ್ತಷ್ಟು ಚದರುತ್ತದೆ. ಬೇಸಿಗೆಯ ಬಿಸಿಲಿಗೆ ಮಣಿದು ಸರಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ಕ್ಕೆ ತೆರೆಯುವ ಊರು ನಮ್ಮದು. ಹುಡುಗನೊಳಗಿನ ಗಡಿಯಾರವನ್ನು ಮಾತ್ರ ನಾವು ನಂಬಲೊಲ್ಲೆವು.

“ಹತ್ತಕ್ಕೇ ಮಲಗು” ಎಂಬ ಜಗಳದಿಂದ ಫಲವಿಲ್ಲ. ಹಿಡಿಯಬೇಕಾದುದು ಬೆಳಗಿನ ತುದಿಯನ್ನು. ಭಾನುವಾರವೂ ಸೇರಿ ದಿನಾಲು ಒಂದೇ ವೇಳೆಗೆ ಎಬ್ಬಿಸಿ, ಎದ್ದ ಕೂಡಲೇ ಬೆಳಕಿಗೆ ಕರೆತರಬೇಕು. 2013ರಲ್ಲಿ ಅಮೆರಿಕದ ಕೊಲರಾಡೋದ ಸಂಶೋಧಕರು ಎಂಟು ಮಂದಿ ವಯಸ್ಕರನ್ನು ವಾರವೊಂದು ಬಯಲಿನ ಡೇರೆಗಳಲ್ಲಿ ಇರಿಸಿದರು. ವಿದ್ಯುದ್ದೀಪಗಳಿಲ್ಲದೆ ಹಗಲ ಬೆಳಕಿನಲ್ಲಿದ್ದ ಅವರ ಮೆಲಟೋನಿನ್ ಸುಮಾರು ಎರಡು ಗಂಟೆ ಮುಂಚಿತವಾಗಿ ಸ್ರವಿಸತೊಡಗಿತು. ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಿದ್ದ ನಮ್ಮ ಹಿರಿಯರಿಗೆ ಈ ಸೌಕರ್ಯ ಸೆಕೆಯ ನೆಪದಲ್ಲೇ ದೊರೆಯುತ್ತಿತ್ತು.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರನ್ನು ಕಾಣಬೇಕು. ಹುಡುಗನು ಗೊರಕೆ ಹೊಡೆಯುವನೇ, ಮಲಗಿದಾಗ ಕಾಲುಗಳು ಚಡಪಡಿಸುವವೇ ಎಂಬುದನ್ನು ಮರೆಯದೆ ಹೇಳಿರಿ. ಉಸಿರಿನ ಅಡಚಣೆಯಾಗಲಿ ಕಬ್ಬಿಣಾಂಶದ ಕೊರತೆಯಾಗಲಿ ನಿದ್ರೆಗೆಡಿಸಬಲ್ಲವು. ಮೀಥೈಲ್‌ಫೆನಿಡೇಟ್ ಔಷಧವನ್ನು ಹೊತ್ತುಮೀರಿ ನುಂಗಿದರೂ ನಿದ್ರೆ ಹಾರುತ್ತದೆ. ವೇಳೆ ಬದಲಿಸುವ ಕೆಲಸ ವೈದ್ಯರದು, ನಮ್ಮದಲ್ಲ. ಯಾರನ್ನು ಕಾಣಬೇಕೆಂದು ತಿಳಿಯದವರು 14416ಕ್ಕೆ ಕರೆಮಾಡಬಹುದು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ.

ಅಲ್ಲಿಯವರೆಗೆ ಸಂಜೆಯ ಎರಡನೆಯ ಚಹವನ್ನೂ ಹಾಸಿಗೆಯೊಳಗಿನ ಮೊಬೈಲನ್ನೂ ಬಿಡಿಸಿ ನೋಡಿರಿ. ತಂದೆಯವರೂ ಜೊತೆಗೇ ಬಿಟ್ಟರೆ ಹುಡುಗನು ಅಷ್ಟಾಗಿ ತಕರಾರು ಮಾಡಲಾರನು.