ಖಡ್ಗಕ್ಕೆ ಕೋಟಿ, ಕುಡುಗೋಲಿಗೆ ಗುಜರಿ

2023ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡ್‌ಗೆ ಮಾರಾಟವಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ: ನಾಡಿನ ಸಂಪತ್ತು ಪರರ ಪಾಲಾಯಿತೆಂಬ ಕೊರಗು ಒಂದು, ಟಿಪ್ಪು ಎಂಥವನೆಂಬ ಜಗಳ ಇನ್ನೊಂದು. ಅಲಗನ್ನು ಕಾಯಿಸಿ ಬಡಿದವರು ಯಾರೆಂದು ಕೇಳುವವರು ವಿರಳ.

ಕೇಳಬೇಕಾದ ಪ್ರಶ್ನೆ ಅದೇ. ಏಕೆಂದರೆ ಉಕ್ಕಿನ ವಿದ್ಯೆಯಲ್ಲಿ ಮೈಸೂರು ಸೀಮೆ ಹೊರದೇಶಗಳಲ್ಲೂ ಹೆಸರಾಗಿತ್ತು. ಕಬ್ಬಿಣದ ಚೂರುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ತೆಗೆಯುತ್ತಿದ್ದ ಬಗೆಯನ್ನು 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಅವಶೇಷಗಳು ದೊರೆತಿವೆ. ಯುರೋಪಿನವರು ಈ ಲೋಹವನ್ನು 'ವೂಟ್ಜ್' ಎಂದು ಕರೆದರು. ನಮ್ಮ 'ಉಕ್ಕು' ಪದವೇ ಹಾಗಾಯಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಇದನ್ನು ಬಹುವಾಗಿ ಮೆಚ್ಚಿದ್ದ. 1819ರಲ್ಲಿ ಇದರ ಗುಟ್ಟನ್ನು ಹುಡುಕಹೊರಟವನು ಮೈಕೆಲ್ ಫ್ಯಾರಡೆ. ಮುಂದೆ ವಿಲಾಯಿತಿ ಕಾರ್ಖಾನೆಗಳ ಅಗ್ಗದ ಉಕ್ಕು ಬಂದು, ಕುಲುಮೆಗಳು ಆರಿದವು. ವಿದ್ಯೆ ಬಲ್ಲವರ ಹೆಸರುಗಳೂ ಅಳಿದವು.

ಈಚೆಗೆ ರಾಮನಗರದ ಜಾನಪದ ಲೋಕಕ್ಕೆ ಹೋಗಿದ್ದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಸಂಸ್ಥೆಯದು. ಅರಮನೆಯ ಆಯುಧಶಾಲೆಯಲ್ಲಿ ಕತ್ತಿಯನ್ನು ಕಂಡವರು ದೊರೆಯನ್ನು ನೆನೆಯುತ್ತಾರೆ. ಇಲ್ಲಿನ ಬೇಸಾಯದ ಸಲಕರಣೆಗಳನ್ನೂ ಅಡುಗೆಮನೆಯ ವಸ್ತುಗಳನ್ನೂ ಕಂಡಾಗ ದುಡಿದ ಕೈಗಳ ನೆನಪಾಗುತ್ತದೆ. ಚರಿತ್ರೆಗೆ ಈ ಎರಡು ನೆನಪುಗಳೂ ಬೇಕು.

ಮನೆಮನೆಯಲ್ಲಿರುವ ಈಳಿಗೆಮಣೆಗೆ ವಸ್ತುಸಂಗ್ರಹಾಲಯವೇಕೆ ಎಂದು ಕೆಲವರು ಕೇಳಬಹುದು. ಮನೆಮನೆಯಲ್ಲಿ ಈಗ ಅದೆಲ್ಲಿದೆ? ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಕುಳಿತು ಹೆಚ್ಚುವ ಈಳಿಗೆ ಅಟ್ಟ ಸೇರಿತು. ನಾನು ವಾಸಿಸುವ ಶೆಟ್ಟಿಹಳ್ಳಿ ಹೆಸರಿನಲ್ಲಷ್ಟೇ ಹಳ್ಳಿ. ಹೊಲಗಳು ನಿವೇಶನಗಳಾದ ಊರಿಗೆ ಕುಡುಗೋಲು ಬೇಕಿಲ್ಲ. ಹಳೆಯ ಮನೆ ಕೆಡವಿದಾಗ ಕುಡುಗೋಲು, ಮಚ್ಚು, ಅಡಕತ್ತರಿಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಅವುಗಳ ಬೆನ್ನಿಗೇ ಬಳಸುವ ರೀತಿ, ಸಾಣೆ ಹಿಡಿಯುವ ಹದ, ಕೊನೆಗೆ ಅವುಗಳ ಹೆಸರೂ ಮರೆಯಾಗುತ್ತವೆ.

ಲಂಡನ್ನಿನಿಂದ ಖಡ್ಗ ತರಲು ಕೋಟಿಗಳು ಬೇಕು. ಇವನ್ನು ಉಳಿಸಲು ಬೇಕಿರುವುದು ಮನಸ್ಸು ಮಾತ್ರ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು. ಅಲ್ಲಿ ಕರ್ನಾಟಕದ ಉಕ್ಕಿಗಾಗಿಯೇ ಒಂದು ಕೊಠಡಿ ಮೀಸಲಾಗಲಿ. ಮೂಸೆಯಿಂದ ಈಳಿಗೆಯವರೆಗಿನ ಕಥೆಯನ್ನು ಅದು ಹೇಳಲಿ. ನಗರದಂಚಿನ ಹಳೆಯ ಊರುಗಳಲ್ಲಿ ಶಾಲಾಮಕ್ಕಳು ಹಿರಿಯರನ್ನು ಕೇಳಿ, ಒಂದೊಂದು ಉಪಕರಣದ ಹೆಸರು, ಬಳಕೆ, ಮಾಡಿದವರ ವಿವರವನ್ನು ಬರೆದಿಡಲಿ. ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ಕೆಲಸಕ್ಕೆ ಉಳಿದಿರುವ ಕಾಲಾವಕಾಶ ಅವರ ಆಯುಷ್ಯದಷ್ಟೇ.